ತೊಟ್ಟಿಲ ತಾಲೀಮು

ಬೆಳಿಗ್ಗೆ ನಮ್ಮ ಓಣಿಯ ಮಾಳಿಗೆಗಳ ಕಡೆ ಕಣ್ಣು ಹಾಯಿಸಿದ ಹೊಸಬರಿಗೆ ನಗು ಬರುತ್ತದೆ. ಮೂಲೆಮನೆಯ ಕುಲಕರ್ಣಿ ಅಜ್ಜ ಮಳೆ ಇಲ್ಲ, ಬಿಸಿಲಿಲ್ಲ, ಕೊಡೆ ಬಿಚ್ಚಿ ಮಡಚುತ್ತಾರೆ, ಮತ್ತೆ ಬಿಚ್ಚುತ್ತಾರೆ. ಎದುರು ಮನೆಯ ದರ್ಜಿ ರುದ್ರಪ್ಪ ದಾರ ಪೋಣಿಸದ ಮಿಷನ್ ತುಳಿಯುತ್ತಾನೆ. ಅವನ ಪಕ್ಕದ ಮನೆಯ ಹೆಣ್ಣುಮಗಳು ತುಂಬಿದ ಕೊಡ ಎತ್ತಿ ಸೊಂಟಕ್ಕಿಟ್ಟು, ಎಲ್ಲಿಗೂ ಹೋಗದೆ ಅಲ್ಲೇ ಇಳಿಸುತ್ತಾಳೆ.

ನಗುವವರು ನಗಲಿ, ಅವರ ಹಲ್ಲು ಅವರ ಬಾಯಿ. ಬೆನ್ನಿಗೆ ನೋವಿನ ಬಿಲ್ಲೆ ಹಾಕಿಸಿಕೊಂಡವರ ಹಣೆಬರಹವೇ ಇಷ್ಟು. ಯಾವ ಕೆಲಸವನ್ನು ನೋವಿಲ್ಲದೆ ಮಾಡಬೇಕೋ ಅದನ್ನು ದಿನಾ ಮಾಡುತ್ತಲೇ ಇರಬೇಕು. ಬಿಟ್ಟರೆ ಹೋಯಿತು. ಧಾರವಾಡದಲ್ಲಿ ನಾವು ಇದಕ್ಕೆ ತಾಲೀಮು ಅನ್ನುತ್ತೇವೆ, ಗರಡಿಮನೆಯ ಪೈಲ್ವಾನರಿಂದ ತಂದ ಮಾತು.

ನನ್ನ ಹೆಸರು ನೀಲಗಂಗಾ ಹೊಸಮನಿ. ಹುಡುಗಿಯರ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಕಾಲೇಜಿನ ದಿನಗಳಲ್ಲಿ ಖೋ ಖೋ ಆಡುತ್ತಿದ್ದೆ, ಸುಮ್ಮನೆ ಅಲ್ಲ, ನನ್ನನ್ನು ಮುಟ್ಟಬೇಕಾದರೆ ಎದುರಿನ ತಂಡದವರು ಬೆವರು ಹರಿಸಬೇಕಿತ್ತು. ಅಂಥ ಮೈಗೆ ಒಂದು ದಿನ ನೋವು ಬಂದು ಕೂತಿತು. ಪೆಟ್ಟು ಬಿದ್ದ ನೋವಾದರೆ ಬಿದ್ದ ಕಡೆ ಇರುತ್ತದೆ. ಇದು ಕುತ್ತಿಗೆಯಲ್ಲಿ ಏಳುತ್ತದೆ, ರಟ್ಟೆಗೆ ಇಳಿಯುತ್ತದೆ, ಮಧ್ಯಾಹ್ನ ಸೊಂಟ ಅನ್ನುತ್ತದೆ, ಸಂಜೆ ಹಿಮ್ಮಡಿ. ರಾತ್ರಿಯಿಡೀ ಮಲಗಿ ಎದ್ದರೂ ಮಲಗದವಳ ಹಾಗೆ ಇರುತ್ತೇನೆ. ಹಾಜರಿ ಕೂಗುವಾಗ ನನ್ನದೇ ಹುಡುಗಿಯರ ಹೆಸರು ಮರೆಯುತ್ತೇನೆ. ರಕ್ತ ಪರೀಕ್ಷೆ ಮಾಡಿಸಿದರು, ಎಕ್ಸ್‌ರೇ ತೆಗೆಸಿದರು, ಸುರಂಗದಂಥ ಯಂತ್ರದೊಳಗೆ ಮಲಗಿಸಿದರು. ಎಲ್ಲಾ ಸರಿ ಇದೆ ಅಂದರು. ಎಲ್ಲಾ ಸರಿ ಇದ್ದವಳು ಬೆಳಿಗ್ಗೆ ಹಲ್ಲುಜ್ಜುವ ಬ್ರಶ್ ಹಿಡಿಯಲಾರದೆ ಅಳುತ್ತಾಳೆಯೇ?

"ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ," ಅಂದರು ನಮ್ಮ ಹೆಡ್‌ಮಾಸ್ತರರು, ಸ್ಟಾಫ್ ರೂಮಿನಲ್ಲಿ, ನನಗೆ ಕೇಳಲಿ ಅಂತಲೇ.

ಕೊನೆಗೆ ಒಬ್ಬ ಡಾಕ್ಟರು ಅದಕ್ಕೊಂದು ಹೆಸರು ಹೇಳಿದರು: ಫೈಬ್ರೊಮಯಾಲ್ಜಿಯಾ. ಗುಣ ಆಗುವುದಿಲ್ಲ, ಆದರೆ ಮೈ ಬಳಸುತ್ತಿರಬೇಕು, ನಡೆಯಿರಿ, ಈಜಿರಿ, ಕೂತರೆ ಇನ್ನೂ ಬಿಗಿಯುತ್ತದೆ ಅಂದರು. ಆಡಿದರೆ ನೋವು, ಕೂತರೆ ಇನ್ನಷ್ಟು ನೋವು. ಅತ್ತ ದರಿ, ಇತ್ತ ಪುಲಿ ಅಂದರೆ ಇದೇ.

ಆಮೇಲೆ ಬಿಲ್ಲೆ ಬಂತು.

*

ಬಿಲ್ಲೆ ಹಾಕುವ ನೋವು ಸಂಶೋಧನೆಯ ಲ್ಯಾಬು ಊರ ಹೊರಗಿತ್ತು. ಅಲ್ಲಿನ ಮುಖ್ಯಸ್ಥೆ ಡಾಕ್ಟರ್ ಫರೀದಾ ಮುಲ್ಲಾ ನನ್ನ ವಯಸ್ಸಿನವರೇ, ಸವದತ್ತಿ ಕಡೆಯವರು. ದೊಡ್ಡ ದೊಡ್ಡ ಮಾತು ಬಾರದು, ಅಥವಾ ಬಂದರೂ ಆಡುತ್ತಿರಲಿಲ್ಲ.

"ಟೀಚರ್, ಗಣಪತಿ ಕೂಡಿಸಿದಾಗ ಓಣ್ಯಾಗ ಸ್ಪೀಕರ್ ಹಚ್ಚತಾರಲ್ಲ," ಅಂದರು ಮೊದಲ ದಿನ, "ಹಾಡು ಸಣ್ಣದ ಇರತೈತಿ, ಸೌಂಡ್ ಜಾಸ್ತಿ ಇಟ್ಟಿರತಾರ. ನಿಮ್ಮ ಬೆನ್ನಹುರಿನೂ ಹಂಗ. ಕೈ ಸುದ್ದಿ ಕಳಸೂದು ಇಷ್ಟ, ಅದು ಕೂಗೂದು ಅಷ್ಟ. ಸ್ಪೀಕರ್ ಬಂದ್ ಮಾಡಾಕ ನಮಗ ಆಗಂಗಿಲ್ಲ. ಆದ್ರ ಒಂದೊಂದ ಹಾಡಿಗೆ ಸೌಂಡ್ ಇಳಸಬಹುದು."

ರೂಪಾಯಿ ನಾಣ್ಯದಷ್ಟು ಅಗಲದ ಆ ಬಿಲ್ಲೆಯನ್ನು ಹೆಗಲ ನಡುವೆ, ಚರ್ಮದ ಕೆಳಗೆ ಕೂಡಿಸಿದರು. ಒಂದು ಚಲನೆಯನ್ನು ಲ್ಯಾಬಿನಲ್ಲಿ ಮತ್ತೆ ಮತ್ತೆ ಮಾಡಿದರೆ ನರಗಳಲ್ಲಿ ಹರಿಯುವ ಸುದ್ದಿಯ ಗುರುತನ್ನು ಅದು ಹಿಡಿದುಕೊಳ್ಳುತ್ತದೆ. ಮುಂದೆ ಅದೇ ಸುದ್ದಿ ಬಂದಾಗ ಬೆನ್ನಹುರಿಗೆ ಹೇಳುತ್ತದೆ, ಇವರು ನಮ್ಮವರು, ಕೂಗಬೇಡ. ಆದರೆ ನರಗಳ ಗುರುತು ದಿನದಿನಕ್ಕೆ ಒಂದಿಷ್ಟು ಬದಲಾಗುತ್ತದೆ, ನಿದ್ದೆ ಕೆಟ್ಟರೆ, ಹವೆ ತಂಪಾದರೆ, ವಯಸ್ಸಾದರೆ. ಬಿಲ್ಲೆ ಆ ಬದಲಾವಣೆಯ ಬೆನ್ನು ಹತ್ತಬೇಕಾದರೆ ಚಲನೆಯನ್ನು ದಿನಾ ಕೇಳಿಸಿಕೊಳ್ಳಬೇಕು. ಎರಡು ವಾರ ತಪ್ಪಿತೋ, ಪರಕೀಯ ಅನ್ನುತ್ತದೆ. ಒಮ್ಮೆ ಪರಕೀಯವಾದ ಚಲನೆಯನ್ನು ಬೆನ್ನಹುರಿ ವೈರಿಯ ಪಟ್ಟಿಗೆ ಸೇರಿಸಿಬಿಡುತ್ತದೆ, ಮೊದಲಿಗಿಂತ ಜೋರಾಗಿ ಕೂಗುತ್ತದೆ, ಮತ್ತೆ ಕಲಿಸಲು ಬರುವುದಿಲ್ಲ.

"ಮತ್ತ ಕಲಿಸಾಕ ಬರಂಗೇ ಇಲ್ಲಾ?" ಅಂತ ಕೇಳಿದ್ದೆ.

"ಇಲ್ರಿ. ನಾವೂ ಭಾಳ ಬಡದಾಡೇವಿ."

ನಾನು ಬಿಲ್ಲೆಯಲ್ಲಿ ಮೊದಲು ಬರೆಸಿದ್ದು ಓಟ. ಆಮೇಲೆ ಖೋ ಖೋದ ಚೌಕದಲ್ಲಿ ಕುಕ್ಕರಗಾಲಲ್ಲಿ ಕೂತು, ಬೆನ್ನಿಗೆ ಖೋ ಬಿದ್ದೊಡನೆ ಚಿಮ್ಮಿ ಏಳುವುದು. ಆಮೇಲೆ ಕಂಬಕ್ಕೆ ಎಗರುವುದು, ತಲೆ ಬಾಚುವುದು, ರೊಟ್ಟಿ ಬಡಿಯುವುದು. ಮತ್ತೆ ಮೈದಾನಕ್ಕೆ ಇಳಿದ ದಿನ ನನ್ನ ಹುಡುಗಿಯರು ಸೀಟಿ ಹೊಡೆದರು. ಹೆಡ್‌ಮಾಸ್ತರರು ಕಿಟಕಿಯಲ್ಲಿ ನಿಂತು ನೋಡಿದರು. ಅವತ್ತು ನಾನು ಬೇಕಂತಲೇ ಅವರ ಕಿಟಕಿಯ ಮುಂದೆ ಎರಡು ಸುತ್ತು ಹೆಚ್ಚು ಓಡಿದೆ. ಇಷ್ಟಾದರೂ ಹೊಟ್ಟೆ ತಣ್ಣಗಾಗಬೇಡವೇ?

*

ಮಗಳು ಮುಕ್ತಾ ಹುಟ್ಟಿದಾಗ ತೊಟ್ಟಿಲ ಚಲನೆ ಬರೆಸುವ ಮಾತು ಬಂತು. ಬಗ್ಗುವುದು, ಕೂಸನ್ನು ಎತ್ತುವುದು, ಎದೆಗೆ ಹಚ್ಚಿಕೊಳ್ಳುವುದು, ತೊಡೆಯ ಮೇಲೆ ಹೊರುವುದು, ಇಳಿಸಿ ತೂಗುವುದು, ಎಲ್ಲಾ ಸೇರಿ ಒಂದು. ಲ್ಯಾಬಿನಲ್ಲಿ ಚಕ್ರದ ತೊಟ್ಟಿಲೊಂದಿತ್ತು, ಪ್ಲಾಸ್ಟಿಕ್ಕಿನದು. ನಮ್ಮ ಅತ್ತೆ ಅದನ್ನು ನೋಡಿದ ಕೂಡಲೇ ಸೆರಗು ಬಾಯಿಗೆ ಹಚ್ಚಿಕೊಂಡರು. ಅತ್ತೆಯ ಹೆಸರು ಗುರವ್ವ. ಮಾತು ಕಡಿಮೆ, ಆಡಿದರೆ ಮುಗಿಯಿತು.

"ಇದರಾಗ ಎಷ್ಟ ಕೂಸು ಮಲಗ್ಯಾವೋ, ಯಾವ ಕೂಸಿಗೆ ಏನೇನಾಗೇತೋ," ಅಂದರು. "ನಮ್ಮ ಕೂಸು ನಮ್ಮ ತೊಟ್ಟಲದಾಗ ಮಲಗತೈತಿ. ಬೇಕಂದ್ರ ಅದನ್ನ ಇಲ್ಲಿಗೆ ತರೂನು."

ನನ್ನ ಗಂಡ ಚನ್ನವೀರ ಟಂಟಂ ಗಾಡಿಯಲ್ಲಿ ಮನೆಯ ತೊಟ್ಟಿಲನ್ನು ಹೇರಿಕೊಂಡು ಬಂದ. ತೇಗದ ತೊಟ್ಟಿಲು, ಬಣ್ಣದ ಗಿಳಿಗಳು, ಹಗ್ಗ, ಕೊಂಡಿ ಸಮೇತ. ಫರೀದಾ ಡಾಕ್ಟರು ನಗುತ್ತಲೇ ಕೊಂಡಿ ಸಿಕ್ಕಿಸಲು ಮೇಲಿನ ಕಬ್ಬಿಣದ ತೊಲೆ ತೋರಿಸಿದರು. ಖಾಲಿ ತೊಟ್ಟಿಲು ಒಂದಿಷ್ಟು ಅಲ್ಲಾಡಿಸಿ ಎತ್ತರ ನೋಡೋಣ ಅಂದಾಗ ಅತ್ತೆ ಓಡಿ ಬಂದು ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲಿಸಿದರು. ಖಾಲಿ ತೊಟ್ಟಿಲು ತೂಗಬಾರದು. ಅದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮಾತು, ಯಾಕೆ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ, ಹೇಳಲು ಬಾಯಿ ಬರುವುದಿಲ್ಲ.

ನಾನು ನಕ್ಕೆ. ನನಗೆ ಅಮಾವಾಸ್ಯೆಯೂ ಒಂದೇ, ಹುಣ್ಣಿಮೆಯೂ ಒಂದೇ. ಮುಟ್ಟಾದ ಹುಡುಗಿಯರನ್ನು ಮೈದಾನಕ್ಕಿಳಿಸಿ ಅವರ ಅಜ್ಜಿಯರಿಂದ ಬೈಸಿಕೊಂಡವಳು ನಾನು. ಅತ್ತೆಯ ಸಮಾಧಾನಕ್ಕೆ ಮುಕ್ತಾಳನ್ನು ಮಲಗಿಸಿಯೇ ಬರೆಸಿದೆವು. ಬಿಲ್ಲೆ ಆ ತೊಟ್ಟಿಲನ್ನು, ಆ ಎತ್ತರವನ್ನು, ಆ ಭಾರವನ್ನು ಗುರುತು ಹಿಡಿಯಿತು. ಬೇರೆ ತೊಟ್ಟಿಲಿಗೆ ಅದು ಒಪ್ಪುವುದಿಲ್ಲ ಅಂತ ಅವತ್ತು ಯಾರೂ ಯೋಚಿಸಲಿಲ್ಲ.

ಆ ತಿಂಗಳುಗಳು ಚೆನ್ನಾಗಿದ್ದವು. ದಿನಾ ಬೆಳಿಗ್ಗೆ ಬೇರೆ ತಾಲೀಮೆಲ್ಲ ಮುಗಿಸಿ ಕೊನೆಗೆ ತೊಟ್ಟಿಲಿಗೆ ಬರುತ್ತಿದ್ದೆ. ಎತ್ತುವುದು, ಇಳಿಸುವುದು, ಎತ್ತುವುದು. ಮುಕ್ತಾಗೆ ಅದು ಆಟ. ಕೇಕೆ ಹಾಕಿ ನನ್ನ ಮೂಗು ಹಿಡಿಯುತ್ತಿದ್ದಳು. ಅವಳ ಭಾರ ದಿನಾ ಒಂದು ಕೂದಲೆಳೆ ಹೆಚ್ಚುತ್ತಿತ್ತು, ಬಿಲ್ಲೆ ಅದನ್ನೂ ಕಲಿಯುತ್ತಿತ್ತು. ಮೈಯೆಲ್ಲ ಮುರಿದುಕೊಂಡು ಬೀಳುವ ದಿನಗಳಲ್ಲೂ ಅವಳನ್ನು ಹಿಡಿದ ಅಷ್ಟು ಹೊತ್ತು ನನ್ನ ಕೈಗಳಲ್ಲಿ ಏನೂ ಇರುತ್ತಿರಲಿಲ್ಲ, ಅವಳೊಬ್ಬಳು ಬಿಟ್ಟು. ಅಷ್ಟು ಸುಖ ನನಗೆ ಯಾವ ಕಪ್ ಗೆದ್ದಾಗಲೂ ಸಿಕ್ಕಿರಲಿಲ್ಲ.

*

ಹತ್ತು ತಿಂಗಳಿಗೆ ಅವಳಿಗೆ ಕಫ ಕಟ್ಟಿತು. ನೆಗಡಿ ಅಂದುಕೊಂಡೆವು. ಪಕ್ಕೆ ಒಳಗೆ ಎಳೆಯತೊಡಗಿದಾಗ ಹುಬ್ಬಳ್ಳಿಗೆ ಓಡಿದೆವು. ಗಾಜಿನ ಕೋಣೆಯಲ್ಲಿ ಮಲಗಿಸಿ ಮೂಗಿಗೆ ನಳಿಗೆ ಹಾಕಿದರು. ಯಾರೂ ಎತ್ತುವಂತಿಲ್ಲ. ಒಂದು ಬೆರಳು ತೂರಿಸಿ ಅವಳ ಅಂಗಾಲು ಮುಟ್ಟಬಹುದಿತ್ತು, ಅಷ್ಟೇ.

ನಾನು ದಿನಾ ಬೆಳಿಗ್ಗೆ ಬಸ್ಸಿಗೆ ಧಾರವಾಡಕ್ಕೆ ಬಂದು ತಾಲೀಮು ಮಾಡಿ ಮತ್ತೆ ಹುಬ್ಬಳ್ಳಿಗೆ ಹೋಗುತ್ತಿದ್ದೆ. ಮಾಡದೆ ಇದ್ದರೆ ಆಸ್ಪತ್ರೆಯ ಮೆಟ್ಟಿಲು ಹತ್ತಲೂ ಆಗುತ್ತಿರಲಿಲ್ಲ. ಶಾಲೆಯ ಮೈದಾನದಲ್ಲಿ ಒಬ್ಬಳೇ ಕುಕ್ಕರಗಾಲಲ್ಲಿ ಕೂತು ಚಿಮ್ಮಿ ಏಳುವಾಗ ಬೇಲಿಯ ಆಚೆಯಿಂದ ಮಾತು ಬಂತು: "ಕೂಸು ಆಸ್ಪತ್ರ್ಯಾಗ ಉಸರಾಡಾಕ ಒದ್ದಾಡಾಕತ್ತೈತಿ, ಇಕಿ ಆಟ ಆಡಾಕತ್ತಾಳ!" ನಾನು ತಿರುಗಿ ನೋಡಲಿಲ್ಲ. ನೋಡಿದ್ದರೆ ಕಲ್ಲು ಎಸೆಯುತ್ತಿದ್ದೆ.

ಮೊದಲ ವಾರ ಮುಗಿದಾಗ ಫರೀದಾ ಡಾಕ್ಟರ ಫೋನು ಬಂತು. ಬಿಲ್ಲೆಯ ಸುದ್ದಿ ಅವರ ಕಂಪ್ಯೂಟರಿಗೆ ಹೋಗುತ್ತಿತ್ತು.

"ಟೀಚರ್, ತಪ್ಪು ತಿಳಕೋಬ್ಯಾಡ್ರಿ, ಈ ಹೊತ್ತಿನ್ಯಾಗ ಹೇಳಬಾರದು. ತೊಟ್ಟಲ ತಾಲೀಮು ನಿಂತೈತಿ. ಇನ್ನೊಂದು ವಾರ ಬಿಟ್ರ ಹೋಗತೈತಿ."

"ಕೂಸಿಲ್ಲದ ಹೆಂಗ ಮಾಡ್ಲಿ?"

"ಕೂಸಿನ ತೂಕದಷ್ಟು ಜೋಳ ಗಂಟು ಕಟ್ರಿ. ದುಪಟಿ ಸುತ್ತಿ ತೊಟ್ಟಲದಾಗ ಮಲಗಸ್ರಿ. ಎತ್ತರಿ, ಇಳಸ್ರಿ, ತೂಗ್ರಿ. ಬಿಲ್ಲೆಗೆ ಅಷ್ಟ ಸಾಕು."

ಅದೇನು ಮಹಾ ಅಂದುಕೊಂಡೆ. ಮರುದಿನ ಮನೆಗೆ ಬಂದು ಜೋಳ ತೂಗಿ ಗಂಟು ಕಟ್ಟಿದೆ. ಮುಕ್ತಾಳ ದುಪಟಿ ಸುತ್ತಿದೆ. ತೊಟ್ಟಿಲಲ್ಲಿ ಮಲಗಿಸಿದೆ. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಕೂಗುತ್ತಾರೆ, ಹಣೆ ಬಡಿದುಕೊಳ್ಳುತ್ತಾರೆ, ನಾನೂ ನಾಲ್ಕು ಮಾತು ತಿರುಗಿ ಆಡಿ ಮುಗಿಸುತ್ತೇನೆ ಅಂತ ಸಿದ್ಧವಾಗಿದ್ದೆ. ಅವರು ಕೂಗಲಿಲ್ಲ.

"ನಾ ಬ್ಯಾಡ ಅನ್ನಂಗಿಲ್ಲವಾ," ಅಂದರು. "ಕೂಸು ನಿಂದು, ಕೈ ನಿಂದು. ಆ ಕೈಯಾಗ ಎಷ್ಟ ನೋವೈತಿ ಅನ್ನೂದು ಈ ಮನ್ಯಾಗ ನನಗ ಗೊತ್ತೈತಿ. ಆದ್ರ ನಾ ನೋಡಂಗಿಲ್ಲ." ಹಿತ್ತಲಿಗೆ ಹೋಗಿ ಬಾಗಿಲು ಎಳೆದುಕೊಂಡರು.

ಬೈದಿದ್ದರೆ ಚೆನ್ನಾಗಿತ್ತು. ನಾನು ಹಗ್ಗ ಹಿಡಿದೆ. ಒಮ್ಮೆ ತೂಗಿದೆ. ಮೇಲಿನ ಕೊಂಡಿ ಕಿರ್ ಅಂದಿತು. ತೊಟ್ಟಿಲು ಆ ಕಡೆ ಹೋಗಿ ಈ ಕಡೆ ಬರುವಷ್ಟರಲ್ಲಿ ಫೋನು ಬಡಿದುಕೊಂಡಿತು. ಚನ್ನವೀರ.

"ನೀಲಾ, ಲಗೂನ ಬಾ. ಮಷಿನ್ ಹಚ್ಚಾಕತ್ತಾರ. ತಾನಾಗೇ ಉಸರ ತಗೋವಲ್ದು."

ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಯಾಯಿತು ಅನ್ನುತ್ತಾರೆ. ನನಗೂ ಗೊತ್ತು, ನಾನು ಅದೇ ಗಾದೆಯನ್ನು ಹುಡುಗಿಯರಿಗೆ ಹೇಳಿಕೊಟ್ಟವಳು. ಅವಳ ಪುಪ್ಪುಸ ಹಿಂದಿನ ರಾತ್ರಿಯಿಂದಲೇ ಸೋಲುತ್ತಿತ್ತು, ನನ್ನ ಕೈ ಹಗ್ಗಕ್ಕೆ ತಗುಲಿದ್ದಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ. ಇದನ್ನೆಲ್ಲ ನಾನು ಈಗ ಆರಾಮಾಗಿ ಕೂತು ಹೇಳುತ್ತೇನೆ. ಅವತ್ತು ಎರಡೂ ಕೈಯಿಂದ ತೊಟ್ಟಿಲು ತಡೆದು ನಿಲ್ಲಿಸಿ, ಆ ಗಂಟನ್ನು ಬಿಚ್ಚಿ, ಜೋಳವನ್ನು ಡಬ್ಬಿಗೆ ಸುರಿದು, ದುಪಟಿಯನ್ನು ಎದೆಗೊತ್ತಿಕೊಂಡು ಓಡಿದೆ. ಅರ್ಧ ಜೋಳ ನೆಲಕ್ಕೆ ಚೆಲ್ಲಿತ್ತು. ಅತ್ತೆ ಗುಡಿಸಿಟ್ಟರಂತೆ.

*

ಮಷಿನ್ ಅವಳ ಬದಲು ಉಸಿರಾಡುತ್ತಿತ್ತು. ನಾನು ಗಾಜಿನ ಹೊರಗೆ ನಿಂತು ಅದರ ಶಬ್ದ ಕೇಳುತ್ತಿದ್ದೆ.

ಇನ್ನೊಂದು ದಾರಿ ಹೊಳೆಯಿತು. ಖಾಲಿ ತೊಟ್ಟಿಲು ತಾನೇ ಬೇಡ? ಬೇರೆ ಕೂಸನ್ನು ಮಲಗಿಸಿದರೆ? ನಮ್ಮ ಪಕ್ಕದ ಮನೆಯ ರೇಣುಕಾಗೆ ಮುಕ್ತಾಳಷ್ಟೇ ದೊಡ್ಡ ಮಗನಿದ್ದ. ಕೇಳಿದೆ. ಅವಳು ಚಹಾ ಕೊಟ್ಟಳು, ಮುಕ್ತಾಳ ಬಗ್ಗೆ ವಿಚಾರಿಸಿದಳು, ಕಣ್ಣೊರೆಸಿಕೊಂಡಳು. ಆಮೇಲೆ ಮಗನನ್ನು ತೊಡೆಯಿಂದ ಎತ್ತಿ ಒಳಗೆ ಮಲಗಿಸಿ ಬಂದಳು.

"ಅಕ್ಕಾರ, ನಿಮಗ ನಾ ಏನ ಕೇಳಿದ್ರೂ ಕೊಡತೀನ್ರಿ," ಅಂದಳು. "ಇದೊಂದು ಕೇಳಬ್ಯಾಡ್ರಿ."

ನನಗೆ ಸಿಟ್ಟು ಬರಲಿಲ್ಲ. ಜಡ್ಡಾದ ಕೂಸಿನ ತೊಟ್ಟಿಲಲ್ಲಿ ನಾನಾದರೂ ನನ್ನದನ್ನು ಮಲಗಿಸುತ್ತಿದ್ದೆನೇ?

ವಾಯಿದೆ ಮುಗಿಯಲು ಒಂದು ದಿನ ಇದ್ದಾಗ ಫರೀದಾ ಡಾಕ್ಟರೇ ಆಸ್ಪತ್ರೆಗೆ ಬಂದರು. ಕಾರಿನಲ್ಲಿ ಮನೆಗೆ ಕರೆದುಕೊಂಡು ಹೋಗಿ, ತಾವೇ ಪಕ್ಕದಲ್ಲಿ ನಿಂತು ಮಾಡಿಸುತ್ತೇನೆ ಅಂದರು. ಹೋದೆವು. ತೊಟ್ಟಿಲ ಮುಂದೆ ನಿಂತೆವು. ಜೋಳದ ಗಂಟನ್ನು ಅವರೇ ಕಟ್ಟಿದರು. ಮಲಗಿಸಲು ಬಗ್ಗಿದವರು ಹಾಗೇ ನಿಂತುಬಿಟ್ಟರು. ಗಂಟು ಅವರ ತೋಳಲ್ಲೇ ಇತ್ತು.

"ಡಾಕ್ಟರ್, ಒಂದು ಕೇಳ್ಲೇನ್ರಿ?" ಅಂದೆ. "ನಿಮ್ಮ ಕೂಸು ಆ ಮಷಿನ್ ಮ್ಯಾಲಿದ್ರ, ನೀವು ತೂಗತಿದ್ರೇನು?"

ಅವರು ತೊಟ್ಟಿಲ ಗಿಳಿಗಳ ಕಡೆ ನೋಡಿದರು. "ವಿಜ್ಞಾನ ಏನ ಹೇಳತೈತಿ ಅದನ್ನ ಹೇಳೀನಿ ಟೀಚರ್," ಅಂದರು. "ಇದನ್ನ ಕೇಳಬ್ಯಾಡ್ರಿ." ಗಂಟನ್ನು ಮೆಲ್ಲಗೆ ನೆಲದ ಮೇಲಿಟ್ಟರು. ಕೂಸನ್ನು ಇಡುವ ಹಾಗೆಯೇ, ತಲೆ ಕಡೆಗೆ ಕೈ ಕೊಟ್ಟು ಇಟ್ಟರು.

ಎರಡು ವಾರ ದಾಟಿತು.

ಅದರ ಮಾರನೇ ದಿನ ಮುಕ್ತಾ ತಾನಾಗಿ ಒಂದು ಉಸಿರು ತೆಗೆದುಕೊಂಡಳು. ಆಮೇಲೆ ಇನ್ನೊಂದು.

*

ಅವಳು ಮನೆಗೆ ಬಂದ ದಿನ ಅತ್ತೆ ದೃಷ್ಟಿ ತೆಗೆದು, ತೊಟ್ಟಿಲಿಗೆ ಅರಿಸಿನ ಕುಂಕುಮ ಹಚ್ಚಿ, ಮಲಗಿಸಿದರು. ಅವಳು ನನ್ನನ್ನು ಕಂಡು ಎರಡೂ ಕೈ ಮೇಲೆತ್ತಿದಳು. ಅಷ್ಟು ದಿನ ಗಾಜಿನೊಳಗಿಂದ ನೋಡಿದ ಕೈಗಳು. ಹಾಳಾಗಿ ಹೋಗಲಿ ಬಿಲ್ಲೆ, ನೋವನ್ನು ನಾನು ಮೊದಲೂ ಹಲ್ಲು ಕಚ್ಚಿ ತಿಂದಿಲ್ಲವೇ ಅಂದುಕೊಂಡು ಬಗ್ಗಿ ಎತ್ತಿದೆ.

ಅದನ್ನು ನೋವು ಅನ್ನುವುದು ಕಷ್ಟ. ಹೆಗಲಿನಿಂದ ಬೆರಳ ತುದಿಯವರೆಗೆ ಕಾದ ಎಣ್ಣೆ ಸುರಿದ ಹಾಗಾಯಿತು. ಹಲ್ಲು ಕಚ್ಚಿದೆ, ತುಟಿ ಹರಿಯಿತು, ಅದೂ ಗೊತ್ತಾಗಲಿಲ್ಲ. ಸಹಿಸಬೇಕು ಅಂತ ಮನಸ್ಸು ಹೇಳುತ್ತಿತ್ತು, ಕೈ ಕೇಳಲಿಲ್ಲ, ತಾನಾಗೇ ಬಿಚ್ಚಿಕೊಂಡಿತು. ಅತ್ತೆ ಅಲ್ಲಿ ಇದ್ದದ್ದಕ್ಕೆ ಕೂಸು ಉಳಿಯಿತು. ಆ ವಯಸ್ಸಿನಲ್ಲಿ ಅಷ್ಟು ಚುರುಕಾಗಿ ಯಾರಾದರೂ ಕೂಸನ್ನು ಹಿಡಿದದ್ದನ್ನು ನಾನು ನೋಡಿಲ್ಲ. ಹಿಡಿದುಕೊಂಡವರೇ ನೆಲಕ್ಕೆ ಕುಸಿದು ಅತ್ತರು. ನಾನು ಗೋಡೆಗೆ ಒರಗಿ ಅತ್ತುಬಿಟ್ಟೆ. ಮುಕ್ತಾ ಇಬ್ಬರನ್ನೂ ನೋಡಿ ಅತ್ತಳು.

ಲ್ಯಾಬಿನಲ್ಲಿ ಪರದೆಯ ಮೇಲೆ ಗೆರೆಗಳನ್ನು ತೋರಿಸಿದರು. ಓಟದ ಗೆರೆ ತಣ್ಣಗಿತ್ತು, ಖೋದ ಗೆರೆ ತಣ್ಣಗಿತ್ತು. ತೊಟ್ಟಿಲ ಗೆರೆ ಪರದೆಯ ಮೇಲಂಚು ಮುಟ್ಟಿ ಅಲ್ಲೇ ನಿಂತಿತ್ತು. ಎತ್ತುವುದು, ಎದೆಗೆ ಹಚ್ಚುವುದು, ತೊಡೆಯ ಮೇಲೆ ಆ ಭಾರ ಹೊರುವುದು, ಒಟ್ಟಿಗೆ ಕಲಿತದ್ದೆಲ್ಲ ಒಟ್ಟಿಗೇ ಹೋಗಿತ್ತು.

"ಏನರ ದಾರಿ?" ಅಂತ ಕೇಳಿದೆ.

ಫರೀದಾ ಡಾಕ್ಟರು ತಲೆ ಅಲ್ಲಾಡಿಸಿದರು. ಹೊಸ ಬಿಲ್ಲೆ ಹಾಕಿದರೂ ಇಲ್ಲ, ನೆನಪಿಟ್ಟುಕೊಂಡದ್ದು ಬಿಲ್ಲೆಯಲ್ಲ, ಬೆನ್ನಹುರಿ. ನನಗೆ ಸಮಾಧಾನದ ಮಾತು ಹೇಳದೆ ಇದ್ದದ್ದಕ್ಕೆ ಅವರ ಮೇಲೆ ಈಗಲೂ ಗೌರವವಿದೆ.

*

ನಾನು ಈಗಲೂ ಓಡುತ್ತೇನೆ. ಹದಿನಾರರ ಹುಡುಗಿಯರು ನನ್ನನ್ನು ಹಿಡಿಯಲಾರರು. ಕಂಬಕ್ಕೆ ಎಗರಿದರೆ ಮಣ್ಣು ಹಾರುತ್ತದೆ. ಹೋದ ವರ್ಷ ನಮ್ಮ ತಂಡ ವಿಭಾಗ ಮಟ್ಟದಲ್ಲಿ ಗೆದ್ದಾಗ ಹೆಡ್‌ಮಾಸ್ತರರೇ ಹಾರ ಹಾಕಿದರು, ಇಂಥ ಗಟ್ಟಿ ಹೆಣ್ಣುಮಗಳು ಎಲ್ಲೂ ಇಲ್ಲ ಅಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಯಾರಿಗೆ ಹೇಳಲಿ? ಹಾರವನ್ನು ಮನೆಗೆ ತಂದು ಮುಕ್ತಾಳ ಕೊರಳಿಗೆ ಹಾಕಿದೆ, ಒಂದು ಮೊಳ ದೂರ ನಿಂತು, ತೋಳು ಚಾಚಿ.

ಅವತ್ತು ತೂಗದೆ ಬಿಟ್ಟದ್ದಕ್ಕೇ ಕೂಸು ಉಳಿಯಿತು ಅಂತ ಅತ್ತೆ ನಂಬಿದ್ದಾರೆ. ಬಾಯಿ ಬಿಟ್ಟು ಎಂದೂ ಹೇಳಿಲ್ಲ. ಆದರೆ ಬೆಳಿಗ್ಗೆ ನನ್ನ ತಾಲೀಮಿಗೆ ಮೊದಲು ಬಿಸಿನೀರು ಕಾಯಿಸಿ ನನ್ನ ಹೆಗಲಿಗೆ ಕಾವು ಕೊಡುತ್ತಾರೆ, ತಪ್ಪಿಸುವುದಿಲ್ಲ. ನಾನು ನಂಬುವುದಿಲ್ಲ. ಔಷಧಿಯಿಂದ ಉಳಿದಳು, ಮಷಿನ್‌ನಿಂದ ಉಳಿದಳು. ಹಾಗಾದರೆ ಮತ್ತೊಮ್ಮೆ ಆ ದಿನ ಬಂದರೆ ತೂಗುತ್ತೀಯಾ ಅಂತ ನನ್ನನ್ನೇ ಕೇಳಿಕೊಂಡಿದ್ದೇನೆ. ಇಲ್ಲ. ಆಗಲೂ ಹಗ್ಗ ಮುಟ್ಟುವುದಿಲ್ಲ. ಸಿಟ್ಟಾಗಲು ಒಬ್ಬರಾದರೂ ಇದ್ದಿದ್ದರೆ ಬದುಕು ಇಷ್ಟು ಭಾರವಾಗುತ್ತಿರಲಿಲ್ಲ.

ಮುಕ್ತಾಗೆ ಈಗ ಮೂರು ವರ್ಷ. ನನ್ನ ಹತ್ತಿರ ಓಡಿ ಬಂದವಳು ಎರಡು ಹೆಜ್ಜೆ ಇರುವಾಗಲೇ ನಿಲ್ಲುತ್ತಾಳೆ. ಅದನ್ನು ಅವಳಿಗೆ ಯಾರೂ ಹೇಳಿಕೊಡಲಿಲ್ಲ. ಬಿದ್ದು ಮೊಣಕಾಲು ಕೆತ್ತಿಕೊಂಡರೆ ನನ್ನನ್ನು ದಾಟಿ ಅಜ್ಜಿಯ ಹತ್ತಿರ ಓಡುತ್ತಾಳೆ, ಅಜ್ಜಿಯ ಹೆಗಲ ಮೇಲಿಂದ ನನ್ನ ಕಡೆ ನೋಡಿ ಅಳು ಮುಗಿಸುತ್ತಾಳೆ.

ಮೊನ್ನೆ ಭಾನುವಾರ ಪಡಸಾಲೆಯಲ್ಲಿ ಗೊಂಬೆ ಇಟ್ಟುಕೊಂಡು ಆಡುತ್ತಿದ್ದಳು. ಗೊಂಬೆಯನ್ನು ಗೋಡೆಗೆ ಒರಗಿಸಿ ಕೂಡಿಸಿ, ತಾನು ಎದುರು ಗೋಡೆಗೆ ಹೋಗಿ ಕೂತು, ಕೈ ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡಳು.

"ಏನ ಆಟವಾ ಇದು?" ಅಂದೆ.

"ಅವ್ವಾ ಅವ್ವಾ ಆಟ."

"ಕೂಸು ಅಳಾಕತ್ತೈತಿ ನೋಡು, ಎತ್ಕೋ."

ಅವಳು ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು. "ನಾ ಅವ್ವ ಅದೀನಿ," ಅಂದಳು. "ಅವ್ವ ಎತ್ಕೊಳ್ಳಂಗಿಲ್ಲ."

ಆಮೇಲೆ ಕೂತಲ್ಲಿಂದಲೇ ಗೊಂಬೆಯ ಕಡೆ ನೋಡಿ ನಕ್ಕಳು. ನಾನು ಅವಳನ್ನು ನೋಡಿ ನಗುವ ಹಾಗೆಯೇ ನಕ್ಕಳು.